ಕಿವಿಯೊಳಗಿನ ಶಿಳ್ಳೆ

ಮೊದಲು ನಾನು ಫ್ರಿಜ್ಜಿನ ಮೇಲೆ ಸಂಶಯಪಟ್ಟೆ. ಬಹ್ರೇನಿನ ಅರಾದಿನ ನಮ್ಮ ಫ್ಲ್ಯಾಟಿನಲ್ಲಿ ಎಲ್ಲಿಂದಲೋ ಒಂದು ಸಪೂರದ ಶಿಳ್ಳೆ ಬರುತ್ತಿತ್ತು. ಕುಕ್ಕರಿನದ್ದಲ್ಲ, ಅದಾದರೆ ಕೂಗಿ ಸುಮ್ಮನಾಗುತ್ತದೆ. ಇದು ಏರುವುದಿಲ್ಲ, ಇಳಿಯುವುದಿಲ್ಲ, ನಿಲ್ಲುವುದೂ ಇಲ್ಲ. ಫ್ರಿಜ್ಜನ್ನು ಗೋಡೆಯಿಂದ ಎಳೆದು ಹಿಂದೆ ಹೊಕ್ಕು ನೋಡಿದೆ. ಆಮೇಲೆ ಎ.ಸಿ., ಆಮೇಲೆ ನೀರಿನ ಪಂಪು, ಆಮೇಲೆ ವೈಫೈ ಡಬ್ಬಿ. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಿದೆ. ಜುಲೈ ತಿಂಗಳು. ಹೆಂಡತಿ, ಮಗಳು ಇಬ್ಬರೂ ಬೆವರು ಒರೆಸಿಕೊಳ್ಳುತ್ತ ಸೋಫಾದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಶಿಳ್ಳೆ ಇದ್ದ ಹಾಗೇ ಇತ್ತು. ಇದು ಪಕ್ಕದ ಮನೆಯದ್ದು ಎಂದು ತೀರ್ಪು ಕೊಟ್ಟು ಸ್ವಿಚ್ ಹಾಕಿದೆ. ಪಕ್ಕದ ಮನೆಯವರು ರಜೆಗೆ ಊರಿಗೆ ಹೋಗಿ ಮೂರು ವಾರ ಆಯಿತು ಎಂದು ಹೆಂಡತಿ ಹೇಳಿದಳು. ನಾನು ಕೇಳದವನ ಹಾಗೆ ಮಾಡಿದೆ.

ನನ್ನ ಕಿವಿಯ ಮೇಲೆ ಮಾತ್ರ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ ಮಾರಾಯ್ರೆ? ಕಿವಿಯೇ ನನ್ನ ಅನ್ನ. ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ದೋಣಿಗಳ, ಹಡಗು ಎಳೆಯುವ ಟಗ್ಗುಗಳ ಡೀಸೆಲ್ ಇಂಜಿನ್ ರಿಪೇರಿ ಮಾಡುವವ ನಾನು. ಓಡುತ್ತಿರುವ ಇಂಜಿನ್ನಿಗೆ ಉದ್ದದ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು ನಿಂತರೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲ ಆಗಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದೆ. ಬೇರೆ ಗ್ಯಾರೇಜಿನವರೂ ನಿಮ್ಮ ಆ ಮೆಕ್ಯಾನಿಕನನ್ನು ಒಂದು ಗಳಿಗೆ ಕಳಿಸಿ ಎಂದು ಕೇಳುವುದಿತ್ತು. ಮಗಳು ಚಿಕ್ಕವಳಿದ್ದಾಗ, ಅಪ್ಪ ಏನು ಮಾಡುತ್ತಾರೆ ಎಂದು ಶಾಲೆಯಲ್ಲಿ ಕೇಳಿದ್ದಕ್ಕೆ ಇಂಜಿನ್ ಡಾಕ್ಟರ್ ಎಂದು ಹೇಳಿ ಬಂದಿದ್ದಳು. ಮನೆಯಲ್ಲಿ ಯಾವ ನಲ್ಲಿ ಸೋರುತ್ತದೆ, ಯಾವ ಫ್ಯಾನು ಕೆಟ್ಟಿದೆ ಎಂದು ಪಂದ್ಯ ಕಟ್ಟಿ ನನ್ನನ್ನು ಕೇಳುವುದು ಅವಳಿಗೆ ಆಟ. ಕಿವಿಗೆ ಹಾಕುವ ದೊಡ್ಡ ಮುಚ್ಚಳಗಳನ್ನು ವರ್ಕ್‌ಶಾಪಿನವರು ಮೊದಲ ದಿನವೇ ಕೊಟ್ಟಿದ್ದರು. ನಾನು ಅವನ್ನು ಮೊಳೆಗೆ ನೇತುಹಾಕಿ ಬಿಟ್ಟೆ. ಅದನ್ನು ಹಾಕಿಕೊಂಡರೆ ಇಂಜಿನ್ ಕೇಳುವುದು ಹೇಗೆ ಎಂಬುದು ನನ್ನ ವಾದ.

ಕಿವಿ ಕೈಕೊಡುತ್ತಿದ್ದದ್ದು ಗೊತ್ತಾಗದಿರಲು ಇನ್ನೊಂದು ಕಾರಣವೂ ಉಂಟು. ಅದನ್ನು ಹೇಳಿದರೆ ಊರಿನವರು ನಗಬಹುದು, ಬಹ್ರೇನಿನಲ್ಲಿ ಇದ್ದವರು ನಗಲಿಕ್ಕಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ದೋಣಿ ನಡೆಸುವ ನಖೂದಾಗಳದ್ದು ಅರಬ್ಬಿ, ಸ್ಟೋರಿನವನದ್ದು ಮಲಯಾಳ, ವೆಲ್ಡರ್‌ಗಳದ್ದು ಬಂಗಾಳಿ, ಡ್ರೈವರನದ್ದು ಉರ್ದು, ಆಫೀಸಿನಿಂದ ಬರುವುದು ಇಂಗ್ಲಿಷ್. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಒಂದೇ ಸಲಕ್ಕೆ ಹೊಕ್ಕರೆ ಅದೇ ಪವಾಡ. ಏನು, ಏನು ಎಂದು ಎರಡು ಸಲ ಕೇಳಿದರೆ ಯಾರೂ ಹುಬ್ಬು ಏರಿಸುವುದಿಲ್ಲ. ಹಾಗಾಗಿ ನಖೂದಾ ಹೇಳಿದ್ದು ಅರ್ಧಂಬರ್ಧ ಕೇಳತೊಡಗಿದಾಗ ನಾನು ತಿಳಿದದ್ದು, ನನ್ನ ಅರಬ್ಬಿ ತುಕ್ಕು ಹಿಡಿಯಿತು ಅಂತ. ಮನಾಮ ಪೇಟೆಗೆ ಹೋಗಿ ಅರಬ್ಬಿ ಕಲಿಸುವ ಪುಸ್ತಕ ತಂದೆ. ಇಪ್ಪತ್ತೆರಡು ವರ್ಷ ಆದ ಮೇಲೆ! ಊಟದ ಬಿಡುವಿನಲ್ಲಿ ಟೂಲ್ ಬಾಕ್ಸಿನ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದರೆ ಸ್ಟೋರಿನವ ಹೊಟ್ಟೆ ಹಿಡಿದು ನಗುತ್ತಿದ್ದ. ಖಲ್ಲಿ ವಲ್ಲಿ, ನಗಲಿ ಬಿಡು ಎಂದು ಓದಿದೆ.

ಅರಬ್ಬಿಯ ಹಿಂದೆಯೇ ಮಲಯಾಳ ಹೋಯಿತು, ಹಿಂದಿಯೂ ಹೊರಟಿತು. ಇದೆಂತ ಕರ್ಮ, ಮರೆವಿನ ಕಾಯಿಲೆಯಾ ಎಂದು ಒಳಗೊಳಗೇ ಹೆದರಿಕೆ ಆಗುತ್ತಿತ್ತು. ಒಂದು ದಿನ ಹೆಂಡತಿ ಅಡಿಗೆ ಮನೆಯಿಂದ ತುಳುವಿನಲ್ಲಿ ಏನೋ ಕೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಹುಟ್ಟಿ ಬಂದ ಭಾಷೆ ಮರೆತುಹೋಗುವುದುಂಟಾ? ಸಿಟ್ಟು ಬಂತು. ಬಾಯಲ್ಲಿ ಅವಲಕ್ಕಿ ತುಂಬಿಸಿಕೊಂಡು ಮಾತಾಡಬೇಡ ಎಂದು ಅವಳಿಗೆ ಬೈದೆ. ಪಾಪ, ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್, ದಿನವಿಡೀ ಬಿಡಿಸಿ ಬಿಡಿಸಿ ಮಾತಾಡುವುದೇ ಅವಳ ಕೆಲಸ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನಾಲ್ಕು ಭಾಷೆಗಳನ್ನೇ ಡೊಂಕು ಅಂದೆ.

ಚೆಕ್ ದೇಶದ ಒಬ್ಬ ಸಂಗೀತಗಾರ ಪುಣ್ಯಾತ್ಮ ನಮ್ಮ ಮನೆಗೆ ಬಂದದ್ದು ಇದೇ ಹೊತ್ತಿಗೆ. ಬಂದದ್ದು ಅಂದರೆ ಕಾಗದದ ಮೇಲೆ. ಅವನು ಸತ್ತು ನೂರು ವರ್ಷದ ಮೇಲಾಗಿದೆ. ಮಗಳಿಗೆ ಈಗ ಹದಿನಾರು, ಎಂಟು ವರ್ಷದಿಂದ ವಯಲಿನ್ ಕಲಿಯುತ್ತಾಳೆ. ಟೀಚರ್ ಚೆಕ್ ದೇಶದ ಹೆಂಗಸು, ಇಲ್ಲಿಯವರನ್ನು ಮದುವೆಯಾಗಿ ಮುಹರ್ರಕ್‌ನ ಹಳೆ ಓಣಿಯೊಂದರಲ್ಲಿ ಸಂಸಾರ ಮಾಡಿದವರು. ಸೋಮವಾರ, ಗುರುವಾರ ಪಾಠ. ಮಗಳನ್ನು ಒಳಗೆ ಕಳಿಸಿ ನಾನು ಮುಂದಿನ ಕೋಣೆಯಲ್ಲಿ ಅರಬ್ಬಿ ಕಾಫಿ ಗಹ್ವಾ ಕುಡಿಯುತ್ತ ಕೂರುತ್ತಿದ್ದೆ. ಈ ವರ್ಷ ಟೀಚರ ಹತ್ತಿರ ಕಲಿಯುವ ನಾಲ್ವರು ಮಕ್ಕಳು ಸೇರಿ ಒಂದು ಸಣ್ಣ ಹಾಲ್‌ನಲ್ಲಿ ಆ ಚೆಕ್ ಸಂಗೀತಗಾರನ ಕೃತಿಯೊಂದರ ಕೊನೆಯ ಭಾಗ ನುಡಿಸುವುದೆಂದು ಆಯಿತು. ಎರಡು ವಯಲಿನ್, ಅದಕ್ಕಿಂತ ತುಸು ದಪ್ಪ ದನಿಯ ವಯೋಲಾ ಒಂದು, ಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ಚೆಲ್ಲೋ ಒಂದು. ನಮ್ಮವಳಿಗೆ ಮೊದಲನೆಯ ವಯಲಿನ್. ಸಂಗೀತಗಾರನ ಬಗ್ಗೆ ಒಂದು ಪುಟ ಬರೆಯುವ ಕೆಲಸವೂ ಅವಳಿಗೇ ಬಿತ್ತು. ಬರೆದು ನನ್ನ ಕೈಗೆ ಕೊಟ್ಟಳು. ನನ್ನ ಇಂಗ್ಲಿಷಿಗೆ ನಗುವವಳು, ತಪ್ಪು ನೋಡಲಿಕ್ಕೆ ಕೊಟ್ಟದ್ದಲ್ಲ, ಹೊಗಳಲಿಕ್ಕೆ ಕೊಟ್ಟದ್ದು.

ಓದಿದ ಹಾಗೆ ನನಗೆ ಗೊಂದಲವೇ ಹೆಚ್ಚಾಯಿತು. ಆ ಮನುಷ್ಯ ಚೆಕ್ಕರ ಸಂಗೀತಕ್ಕೇ ತಂದೆ ಅನ್ನಿಸಿಕೊಂಡವನು, ಆದರೆ ಚೆಕ್ ಭಾಷೆಯನ್ನು ಸರಿಯಾಗಿ ಬರೆಯಲು ಕಲಿತದ್ದು ಪ್ರಾಯಕ್ಕೆ ಬಂದ ಮೇಲೆ. ಶಾಲೆಯಲ್ಲಿ ಎಲ್ಲ ಜರ್ಮನ್. ಅಪ್ಪ ಬಿಯರ್ ಮಾಡುವವ. ಊರಲ್ಲಿ ನೆಲೆ ಸಿಗದೆ ಸ್ವೀಡನ್ನಿಗೆ ಹೋಗಿ ಕೆಲವು ವರ್ಷ ದುಡಿದ, ಅಂದರೆ ನಮ್ಮ ಹಾಗೇ ಪರದೇಶಿ. ಪುಟ್ಟ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಣ್ಣಿಗೆ ಕೊಟ್ಟ. ಅದರಲ್ಲಿ ನಾಲ್ಕು ವರ್ಷದ ಒಬ್ಬಳಿಗೆ ಸಂಗೀತ ಚೆನ್ನಾಗಿ ಹತ್ತಿತ್ತಂತೆ. ಅವಳು ಹೋದ ದುಃಖಕ್ಕೆ ಪಿಯಾನೋ, ವಯಲಿನ್, ಚೆಲ್ಲೋ ಮೂರಕ್ಕೆ ಒಂದು ಕೃತಿ ಬರೆದ. ಹೆಂಡತಿಯೂ ತೀರಿಹೋದಳು. ಇಷ್ಟೆಲ್ಲ ಆದ ಮೇಲೆ ಊರಿಗೆ ಬಂದು ಹಳ್ಳಿಯ ಮದುವೆಯ ಬಗ್ಗೆ ಜನ ಬಿದ್ದು ಬಿದ್ದು ನಗುವ ಸಂಗೀತ ನಾಟಕ ಬರೆದನಂತೆ. ಎಲ್ಲಿಂದ ಬಂತು ಆ ನಗು?

ಮುಂದೆ ಓದಿದೆ. ಐವತ್ತರ ಪ್ರಾಯದಲ್ಲಿ ಕೆಲವೇ ತಿಂಗಳಲ್ಲಿ ಅವನ ಎರಡೂ ಕಿವಿ ಹೋಯಿತು. ತನ್ನ ದೇಶದ ಬೆಟ್ಟ, ಕಾಡು, ಕೋಟೆಗಳ ಬಗ್ಗೆ ಆರು ಭಾಗದ ದೊಡ್ಡ ಕೃತಿ ಬರೆದದ್ದು ಅದೇ ಕಾಲದಲ್ಲಿ. ಅದರಲ್ಲಿ ಒಂದು ನದಿಯದ್ದು. ಎರಡು ಸಣ್ಣ ತೊರೆಗಳು ಕೂಡಿ ಹರಿದು, ಹಳ್ಳಿಯ ಮದುವೆಯ ಪಕ್ಕದಲ್ಲೇ ಹಾದು, ಪಟ್ಟಣ ಮುಟ್ಟುವ ತನಕ ನೀರಿನ ಸದ್ದೇ ಸದ್ದು. ಅದನ್ನು ಬರೆಯುವಾಗ ಅವನಿಗೆ ಏನೂ ಕೇಳುತ್ತಿರಲಿಲ್ಲ ಎಂದು ಮಗಳು ಬರೆದಿದ್ದಳು. ತಪ್ಪಿರಬೇಕು, ಟೀಚರ ಹತ್ತಿರ ಇನ್ನೊಮ್ಮೆ ಕೇಳು ಎಂದೆ. ಕೇಳಿಬಂದಳು, ಸರಿಯೇ ಅಂತೆ. ಸ್ಟಾರ್ಟೇ ಆಗದ ಇಂಜಿನ್ನಿನ ಸದ್ದನ್ನು ಹೇಳಿದ ಹಾಗೆ ಆಯಿತಲ್ಲ ಇದು ಎಂದು ನಾನು ತಲೆ ಕೆರೆದುಕೊಂಡೆ.

ಕೊನೆಯ ಪ್ಯಾರಾ ಅವರು ನುಡಿಸಬೇಕಾದ ಕೃತಿಯ ಬಗ್ಗೆ. ನಾಲ್ಕು ವಾದ್ಯಗಳಲ್ಲಿ ಅವನು ತನ್ನ ಜೀವನವನ್ನೇ ಹೇಳಿಕೊಂಡದ್ದು. ಪ್ರಾಯದ ಹುರುಪು, ಕುಣಿತ, ಹೆಂಡತಿಯ ಪ್ರೀತಿ, ಕೊನೆಗೆ ತನ್ನ ಜನರ ಸಂಗೀತ ಕೈಗೆ ಸಿಕ್ಕಿದ ಖುಷಿ. ಆ ಖುಷಿ ಒಳ್ಳೆ ಓಡುತ್ತಿರುವಾಗಲೇ ಎಲ್ಲ ಗಕ್ಕನೆ ನಿಲ್ಲುತ್ತದೆ. ಕೆಳಗಿನ ತಂತಿಗಳು ನಡುಗುತ್ತವೆ, ಅದರ ಮೇಲೆ ಮೊದಲನೆಯ ವಯಲಿನ್ ಒಂದೇ ಒಂದು ಎತ್ತರದ ಸ್ವರವನ್ನು ಎಳೆಯುತ್ತದೆ. ಕಿವುಡಾಗುವ ಮೊದಲು ಅವನ ಕಿವಿಯಲ್ಲಿ ಹುಟ್ಟಿಕೊಂಡ ಶಿಳ್ಳೆ ಅದು, ಎಲ್ಲಿಂದಲೂ ಬರದ ಶಿಳ್ಳೆ.

ಆ ಸಾಲನ್ನು ಮೂರು ಸಲ ಓದಿದೆ. ಮಗಳು ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದು ಕಾಗದ ವಾಪಸ್ ಕೊಟ್ಟು ಬಾಲ್ಕನಿಗೆ ಹೋಗಿ ನಿಂತೆ. ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಅದು ಹೋದ ಮೇಲೆ ಶಿಳ್ಳೆ ಉಳಿಯಿತು.

ಎರಡು ದಿನ ಬಿಟ್ಟು, ರೆಸಿಡೆನ್ಸ್ ಕಾರ್ಡಿನ ಕೆಲಸ ಉಂಟು ಎಂದು ವರ್ಕ್‌ಶಾಪಿನಲ್ಲಿ ಸುಳ್ಳು ಹೇಳಿ ಕಿವಿಯ ಡಾಕ್ಟರ ಹತ್ತಿರ ಹೋದೆ. ಗಾಜಿನ ಕಿಟಕಿಯ ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಈ ಗುಂಡಿ ಒತ್ತಿ ಎಂದು ಒಬ್ಬಳು ಮಲಯಾಳಿ ಹುಡುಗಿ ಹೇಳಿ ಹೋದಳು. ನಾನು ಒತ್ತಿದೆ. ಬಿಡದೆ ಒತ್ತಿಯೇ ಒತ್ತಿದೆ. ಪರೀಕ್ಷೆಯಲ್ಲಿ ಪಾಸಾಗುತ್ತಿದ್ದೇನೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು. ಆ ಹುಡುಗಿ ಬಾಗಿಲು ತೆರೆದು, "ಅಂಕಲ್, ನಾನು ಇನ್ನೂ ಶುರುವೇ ಮಾಡಲಿಲ್ಲ" ಅಂದಳು.

ಡಾಕ್ಟರ್ ತೋರಿಸಿದ ಕಾಗದದಲ್ಲಿ ಗೆರೆ ಬಲಗಡೆಗೆ ಹೋದ ಹಾಗೆ ಬಾವಿಗೆ ಇಳಿದಿತ್ತು. ಎತ್ತರದ ಸ್ವರಗಳು ಹೋಗಿವೆ, ಮಾತಿನ ಅಕ್ಷರಗಳ ಅಂಚು ಸವೆದಿದೆ, ವರ್ಷಗಟ್ಟಲೆ ಇಂಜಿನ್ ಕೇಳಿದ್ದರ ಫಲ, ಹೋದದ್ದು ಬರುವುದಿಲ್ಲ ಎಂದರು. ಕಿವಿಗೆ ಮಿಷಿನ್ ಹಾಕಬಹುದು, ಕೆಲಸದ ಜಾಗದಲ್ಲಿ ತಿಳಿಸಿಬಿಡಿ ಎಂದರು. ತಿಳಿಸುವುದಂತೆ! ಆ ಚೆಕ್ ಮನುಷ್ಯ ತಾನು ಕೆಲಸಕ್ಕಿದ್ದ ನಾಟಕ ಮಂದಿರದವರಿಗೆ ತಾನೇ ಕಾಗದ ಬರೆದು ತನಗೆ ಕೇಳುವುದಿಲ್ಲ ಎಂದು ತಿಳಿಸಿದ್ದನಂತೆ. ಮಗಳ ಪುಟದಲ್ಲಿ ಅದನ್ನು ಓದಿದಾಗಲೇ, ಇವನೆಂಥ ಹೆಡ್ಡ, ತನ್ನ ಕುತ್ತಿಗೆಯನ್ನು ತಾನೇ ಯಾರಾದರೂ ಬರೆದು ಕೊಡುತ್ತಾರಾ ಅನ್ನಿಸಿತ್ತು. ನನ್ನ ಕೆಲಸ ಹೋದರೆ ವೀಸಾ ಹೋಯಿತು, ಅದರ ಹಿಂದೆ ಮಗಳ ಶಾಲೆ. ಅವಳಿಗೆ ಇನ್ನು ಎರಡೇ ವರ್ಷ ಬಾಕಿ. ಕಾಗದವನ್ನು ಮಡಚಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ತುರುಕಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ವರ್ಷ ಕುಡಿದುಬಿಡುವುದು ಎಂದು ಲೆಕ್ಕ ಹಾಕಿದೆ.

ಆದರೆ ಮಗಳು ಆ ಉದ್ದದ ಸ್ವರವನ್ನು ಹಿಡಿದುಕೊಂಡು ನನ್ನ ಹತ್ತಿರವೇ ಬಂದಳು. ವಯಲಿನ್ನಿನ ಕುತ್ತಿಗೆಯ ಮೇಲೆ, ಎಲ್ಲೋ ಗುರುತೇ ಇಲ್ಲದ ಜಾಗದಲ್ಲಿ ಬೆರಳು ಇಡಬೇಕು, ಕೂದಲೆಳೆಯಷ್ಟು ತಪ್ಪಿದರೂ ಶ್ರುತಿ ಹೋಯಿತು. ಫೋನಿನಲ್ಲಿ ಶ್ರುತಿ ನೋಡುವವರು ನನ್ನ ಮನೆಗೆ ಬರಬೇಡಿ ಎಂದು ಟೀಚರ್ ಕಟ್ಟಪ್ಪಣೆ ಮಾಡಿದ್ದರು. ಕಿವಿಯಿಂದಲೇ ಹಿಡಿಯಬೇಕು. ಫೋನು ಎಂತಕ್ಕೆ, ಪಪ್ಪನ ಕಿವಿ ಉಂಟಲ್ಲ ಎಂದಳು. ದಿನಾ ಸಂಜೆ ನಾನು ಕೆಲಸದಿಂದ ಬಂದು ಚಾ ಕುಡಿಯುವಾಗ ಎದುರು ನಿಂತು ಅದೊಂದೇ ಸ್ವರವನ್ನು ಎಳೆಯುವುದು, ನಾನು ಸರಿಯೋ ತಪ್ಪೋ ಹೇಳುವುದು.

ನನಗೆ ಏನು ಕೇಳುತ್ತಿತ್ತು ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಕಮಾನು ಚಲಿಸುವುದು ಕಾಣುತ್ತಿತ್ತು. ಶಿಳ್ಳೆಯೂ ಇತ್ತು. ಅದು ಅವಳದ್ದಾ, ನನ್ನದಾ? ಅವಳದ್ದು ಶುರುವಾದದ್ದು ಯಾವಾಗ? ಕಮಾನು ಎತ್ತಿದ ಮೇಲೂ ಸ್ವರ ನಿಲ್ಲುತ್ತಿರಲಿಲ್ಲ. ಒಮ್ಮೆಯಂತೂ ಅವಳು ನುಡಿಸಿ ಮುಗಿಸಿ ಕಾಯುತ್ತಿದ್ದಾಗ ನಾನು ಇನ್ನೂ ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದೆ. ನನ್ನ ಆ ಶ್ರದ್ಧೆ ನೋಡಿ ಅವಳಿಗೆ ಇನ್ನಷ್ಟು ನಂಬಿಕೆ ಬಂತು. ಅದಲ್ಲದೆ, ಇಷ್ಟು ಹತ್ತಿರದಲ್ಲಿ ನಿಂತು ನುಡಿಸಿದ್ದು ಸ್ವಲ್ಪವಾದರೂ ಕೇಳಿರಬೇಕಲ್ಲ, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮೊದಲ ವಾರ ಅವಳಿಗೆ ಸಂಶಯ ಇತ್ತು. ಶ್ರುತಿ ಸ್ವಲ್ಪ ಕೆಳಗೆ ಅನ್ನಿಸುತ್ತದೆ ಎಂದು ಬೆರಳನ್ನು ಸರಿಸಿ ಎರಡು ರೀತಿ ನುಡಿಸಿ, ಯಾವುದು ಎಂದು ಕೇಳಿದಳು. ನನಗೆ ಎರಡೂ ಒಂದೇ. ಆದರೂ ಘನ ಗಾಂಭೀರ್ಯದಿಂದ, ಮೊದಲಿನದ್ದೇ ಕರೆಕ್ಟ್ ಎಂದೆ. ಹೌದಾ ಎಂದಳು. ಆಮೇಲೆ ಬೆರಳನ್ನು ವಾಪಸ್ ಇಟ್ಟಳು. ಎರಡನೆಯ ವಾರಕ್ಕೆ ಕೇಳುವುದನ್ನೂ ಬಿಟ್ಟು ಅಲ್ಲೇ ಗಟ್ಟಿ ಮಾಡಿಕೊಂಡಳು.

ಟೀಚರ್ ಒಂದು ಸಲ ತಿದ್ದಿದರು, ಎರಡು ಸಲ ತಿದ್ದಿದರು. ಮೂರನೆಯ ಸಲ ಆ ಸ್ವರ ಬರುವ ಜಾಗವನ್ನು ಎರಡನೆಯ ವಯಲಿನ್ ನುಡಿಸುವ ಹುಡುಗಿಗೆ ಕೊಟ್ಟರು. ಆ ಗುರುವಾರ ಮಗಳು ಪಾಠ ಮುಗಿಸಿ ಬಂದಾಗ ಮುಖ ಬಾಡಿತ್ತು. ಕಾರಿನಲ್ಲಿ ಏನೇನೋ ಹೇಳುತ್ತ ಬಂದಳು, ರಸ್ತೆಯ ಸದ್ದಿನಲ್ಲಿ ನನಗೆ ಒಂದಕ್ಷರ ಹಿಡಿಯಲಿಲ್ಲ, ಹೂಂಗುಟ್ಟಿದೆ. ಏನಾಯಿತೆಂದು ತಿಳಿದದ್ದು ಮನೆಗೆ ಬಂದ ಮೇಲೆ, ಹೆಂಡತಿಯಿಂದ. ಮಗಳು ವಯಲಿನ್ ಬಿಡುತ್ತಾಳಂತೆ. ಹಾಲ್‌ನಲ್ಲಿ ನುಡಿಸುವುದಿಲ್ಲ, ಪಾಠಕ್ಕೂ ಹೋಗುವುದಿಲ್ಲ. ತನಗೆ ಕಿವಿಯೇ ಇಲ್ಲ ಎನ್ನುತ್ತಾಳೆ. ಮೊದಲು ಕೆಳಗೆ ಅನ್ನಿಸಿತ್ತು, ಪಪ್ಪ ಸರಿ ಅಂದ ಮೇಲೆ ಸರಿ ಅಂತಲೇ ಕೇಳತೊಡಗಿತು, ಈಗ ಟೀಚರ್ ತಪ್ಪು ಅಂದರೆ ತಪ್ಪು ಅನ್ನಿಸುತ್ತದೆ. ಯಾರು ಏನು ಹೇಳಿದರೂ ಅದೇ ಕೇಳುವ ಕಿವಿ ಇಟ್ಟುಕೊಂಡು ಸಂಗೀತ ಎಂತಕ್ಕೆ ಎಂದು ಅತ್ತಳಂತೆ. ಕಾರಿನಲ್ಲಿ ಇದನ್ನೆಲ್ಲ ನಿಮಗೆ ಹೇಳಿದೆ ಅಂದಳಲ್ಲ, ನೀವು ಬರೇ ಹೂಂ ಅಂದಿರಂತೆ ಎಂದು ಹೆಂಡತಿ ನನ್ನನ್ನೇ ದಬಾಯಿಸಿದಳು.

ನನ್ನನ್ನು ಸಂಶಯಪಡುವುದು ಆ ಹುಡುಗಿಯ ತಲೆಗೆ ಹೊಳೆಯಲೇ ಇಲ್ಲ ನೋಡಿ. ಟೀಚರಿಗೂ ಪಪ್ಪನಿಗೂ ಹೊಂದಿಕೆ ಆಗದಿದ್ದರೆ ಅದು ದೊಡ್ಡವರ ವಿಷಯ, ತಪ್ಪು ತನ್ನದೇ ಎಂದು ತೆಗೆದುಕೊಂಡಳು. ಎಂಟು ವರ್ಷ ಕಲಿತ ವಿದ್ಯೆ. ಎಂಟು ವರ್ಷವೂ ನಾನೇ ಕರೆದುಕೊಂಡು ಹೋಗಿ ಕರೆದುಕೊಂಡು ಬಂದವ. ನನ್ನ ಕಿವಿಯನ್ನು ಮುಚ್ಚಿಡಲಿಕ್ಕೆ ಹೋಗಿ ಅವಳ ಕಿವಿಯನ್ನು ಕಿತ್ತುಕೊಂಡ ಹಾಗಾಯಿತಲ್ಲ. ಅಷ್ಟಾದರೂ ಬಾಯಿ ಬಿಡಲಿಲ್ಲ. ಹೇಳಿದರೆ ಹೆಂಡತಿ ಮರುದಿನವೇ ವರ್ಕ್‌ಶಾಪಿನಲ್ಲಿ ತಿಳಿಸಿ ಎನ್ನುತ್ತಾಳೆ, ಅವಳು ಹಾಗೆಯೇ. ಒಬ್ಬಳು ಹುಡುಗಿ ವಯಲಿನ್ ಬಿಟ್ಟರೆ ಲೋಕ ಮುಳುಗುತ್ತದಾ, ಓದಲಿಕ್ಕೆ ಹೊತ್ತು ಸಿಗುತ್ತದೆ ಎಂದೂ ಒಂದು ಮನಸ್ಸು ಹೇಳಿತು. ಆ ಮನಸ್ಸಿನ ಮೇಲೆ ನನಗೆ ಈಗಲೂ ನಾಚಿಕೆ ಉಂಟು.

ಮರುದಿನ ಶುಕ್ರವಾರ, ರಜೆ. ಹೆಂಡತಿ ಮೀನು ತರಲಿಕ್ಕೆ ಹೋಗಿದ್ದಳು. ಮಗಳು ಊಟದ ಮೇಜಿನಲ್ಲಿ ಕೂತು ವಯಲಿನ್ನಿನ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ತನ್ನ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಎಂತ ಮಾಡ್ತಿದ್ದಿ ಎಂದೆ. ಟೀಚರ್ ಕೊಟ್ಟದ್ದಲ್ವಾ, ವಾಪಸ್ ಕೊಡುವುದು, ಬೇರೆ ಯಾರಾದರೂ ಮಕ್ಕಳಿಗೆ ಬರುತ್ತದೆ ಎಂದಳು. ಹೇಳುವಾಗ ಅಳಲಿಲ್ಲ. ಅತ್ತಿದ್ದರೆ ಬಹುಶಃ ನಾನು ಸಮಾಧಾನ ಮಾಡಿ ಎದ್ದುಹೋಗುತ್ತಿದ್ದೆ. ಅವಳು ಹೆಸರಿನ ಕೊನೆಯ ಅಕ್ಷರದ ತನಕ ಬಂದಿದ್ದಳು.

ನಾನು ಎದುರಿನ ಕುರ್ಚಿ ಎಳೆದು ಕೂತೆ. ಎಲ್ಲಿಂದ ಶುರು ಮಾಡುವುದು ಗೊತ್ತಾಗಲಿಲ್ಲ. ಆ ಚೆಕ್ ಮನುಷ್ಯ ಕೊನೆಗೆ ಎಲ್ಲಿ ಹೋದ ಎಂದು ಕೇಳಿದೆ, ಅದು ಅವಳ ಪುಟದಲ್ಲಿ ಇರಲಿಲ್ಲ. ಕಿವಿ ಹೋದ ಮೇಲೂ, ಬದುಕಿ ಉಳಿದಿದ್ದ ಮಗಳ ಮನೆಯಲ್ಲಿದ್ದುಕೊಂಡು ಹತ್ತು ವರ್ಷದ ತನಕ ಬರೆಯುತ್ತಲೇ ಇದ್ದ, ಕೊನೆಗೆ ಬುದ್ಧಿಯೂ ಸ್ಥಿಮಿತ ತಪ್ಪಿ ಹುಚ್ಚಾಸ್ಪತ್ರೆಯಲ್ಲಿ ತೀರಿಹೋದ ಎಂದಳು. ಈಗ ಯಾಕೆ ಕೇಳುತ್ತೀರಿ ಎಂಬ ಹಾಗೆ ನನ್ನ ಮುಖ ನೋಡಿದಳು.

"ಮಗಾ, ನೀನು ನುಡಿಸುವುದು ನಂಗೆ ಕೇಳ್ತಾ ಇರ್ಲಿಲ್ಲ" ಎಂದೆ.

ಅವಳಿಗೆ ಅರ್ಥ ಆಗಲಿಲ್ಲ. ಗಮನ ಕೊಡಲಿಲ್ಲ ಎಂದು ಹೇಳುತ್ತಿದ್ದೇನೆ ಎಂದು ತಿಳಿದಳು. ನಾನು ಕೆಳಗೆ ಹೋಗಿ ಕಾರಿನಿಂದ ಆ ಕಾಗದ ತಂದು ಮೇಜಿನ ಮೇಲೆ ಬಿಡಿಸಿಟ್ಟೆ. ಬಾವಿಗೆ ಇಳಿದ ಗೆರೆ ತೋರಿಸಿದೆ. ಆ ಸ್ವರ ಇರುವುದು ಈ ಕೆಳಗೆ, ನನ್ನ ಕಿವಿಯಲ್ಲಿ ನನ್ನದೇ ಒಂದು ಶಿಳ್ಳೆ ಉಂಟು, ನಿನ್ನದು ಯಾವುದು ನನ್ನದು ಯಾವುದು ಗೊತ್ತಾಗುತ್ತಿರಲಿಲ್ಲ, ಸುಮ್ಮನೆ ಸರಿ ಸರಿ ಎಂದೆ ಎಂದು ಹೇಳಿದೆ. ಮಾತು ಕೂಡ ಬಾಯಿ ನೋಡಿದರೆ ಮಾತ್ರ ತಿಳಿಯುತ್ತದೆ, ನಿನ್ನೆ ಕಾರಿನಲ್ಲಿ ನೀನು ಹೇಳಿದ್ದು ಒಂದೂ ಕೇಳಲಿಲ್ಲ ಎಂದೂ ಹೇಳಿದೆ. ನಾನು ಹೇಳುವುದು ಮುಗಿಯುವ ಮೊದಲೇ ಅವಳು ತಲೆ ಎತ್ತಿದಳು.

"ಹಾಗಾದ್ರೆ ಫಸ್ಟ್ ನಂಗೆ ಕೆಳಗೆ ಅನ್ನಿಸಿದ್ದೇ ಕರೆಕ್ಟಾ ಪಪ್ಪಾ?"

ಹೌದು, ನೀನೇ ಸರಿ, ನಿನ್ನ ಕಿವಿಯೇ ಸರಿ ಎಂದೆ. ಅವಳ ಮುಖ ಅರಳಿತು. ನಾನು ಅದನ್ನು ಕಣ್ಣಾರೆ ಕಂಡೆ, ಮೊದಲು ಬಂದದ್ದು ಸಂತೋಷವೇ. ಕಣ್ಣು, ಕೆನ್ನೆ ಎಲ್ಲ ನಕ್ಕಿತು. ನನಗೆ ಬೇಸರ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ಎಷ್ಟೋ ದಿನದಿಂದ ಅವಳು ಹಾಗೆ ನಕ್ಕಿರಲಿಲ್ಲ. ಆಮೇಲೆ ಅವಳ ಕಣ್ಣು ಮೇಜಿನ ಮೇಲಿದ್ದ ಕಾಗದಕ್ಕೆ ಹೋಯಿತು, ಗೆರೆಯ ಹಿಂದೆಯೇ ಕೆಳಗಿನ ತನಕ ಇಳಿಯಿತು, ನನ್ನ ಕಡೆಗೆ ಬಂತು. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಏನೋ ಹೇಳಿದಳು. ಇನ್ನೊಮ್ಮೆ ಹೇಳಿದಳು.

ನಾನು ಮುಂದೆ ಬಾಗಿ ಅವಳ ಮಣಿಗಂಟು ಹಿಡಿದೆ.

"ಕೈ ತೆಗೆದು ಹೇಳು ಮಗಾ" ಎಂದೆ.